ಬ್ರೇಕಿಗೆ ಚಿಮಣಿ ಪೈಪು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ನಾನು ಅಲ್ಲಿ ಬರೆಯುವುದು ಕಡಿಮೆ. ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಾರು ಕೆಟ್ಟರೆ ಫೋನ್ ಮಾಡುತ್ತಾರೆ, ಉಳಿದಂತೆ ನನ್ನ ಮಾತು ಯಾರಿಗೂ ಬೇಕಾಗುವುದಿಲ್ಲ. ಹೋದ ಭಾನುವಾರ ಮಾತ್ರ ಸುಮ್ನೆ ಇರಲು ಆಗಲಿಲ್ಲ.

ವಿಡಿಯೊ ಕಳಿಸಿದ್ದು ಚಿಕ್ಕಪ್ಪ. ಗುರುವಾರ ಉಡುಪಿಯಲ್ಲಿ ಉಪನಯನ. ನಮ್ಮವರ ಐದು ಕಾರು ಆಗುಂಬೆ ಘಟ್ಟ ಇಳಿಯಬೇಕು. ಚಿಕ್ಕಪ್ಪನಿಗೆ ಮೊದಲಿನಿಂದಲೂ ಘಟ್ಟದ ಭಯ. "300 ರೂಪಾಯಿ ಖರ್ಚಿನಲ್ಲಿ ಬ್ರೇಕ್ ತಂಪು, ಘಟ್ಟ ಇಳಿಯುವವರು ತಪ್ಪದೆ ನೋಡಿ" ಎಂದು ವಿಡಿಯೊದ ಮೇಲೆ ಬರೆದಿತ್ತು.

ವಿಡಿಯೊದಲ್ಲಿ ಒಬ್ಬ ಬಂಪರಿನ ಜಾಲರಿ ಕತ್ತರಿಸುತ್ತಾನೆ. ಅಡುಗೆಮನೆ ಚಿಮಣಿಗೆ ಹಾಕುವ ಬೆಳ್ಳಿ ಬಣ್ಣದ ಸುರುಳಿ ಪೈಪನ್ನು ಅದರಲ್ಲಿ ತೂರಿಸುತ್ತಾನೆ. ಇನ್ನೊಂದು ತುದಿಯನ್ನು ಚಕ್ರದ ಒಳಗೆ, ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆಯ, ಅಂದರೆ ಡಿಸ್ಕಿನ ಹತ್ತಿರ ಪ್ಲಾಸ್ಟಿಕ್ ಟೈ ಹಾಕಿ ಕಟ್ಟುತ್ತಾನೆ. ಡಿಸ್ಕಿನ ಹಿಂದಿರುವ ತಗಡನ್ನು ಬಿಚ್ಚಿ ಎಸೆಯುತ್ತಾನೆ. ಮೂರು ನಿಮಿಷದ ವಿಡಿಯೊ. ಒಂದು ನಿಮಿಷ ಆಗುವ ಮೊದಲೇ ಎಂಟು ಜನ ಹೆಬ್ಬೆರಳು ಎತ್ತಿದ್ದರು.

ಬೆಂಗಳೂರಿನ ತಂಗಿ: "ಇದರ ಮೂಲ ಯಾವುದು ಚಿಕ್ಕಪ್ಪ?"

ಚಿಕ್ಕಪ್ಪ: "ಮೂಲ ಎಂತಕ್ಕೆ ಮಾರಾಯ್ತಿ, ಕಣ್ಣಿಗೆ ಕಾಣ್ತದಲ್ಲ."

ತಂಗಿ: "ಎಕ್ಕದ ಎಲೆ ಕಟ್ಟಿದರೆ ಮಂಡಿನೋವು ಹೋಗ್ತದೆ ಅಂತ ಕಳಿಸಿದ್ದೂ ನೀವೇ ಅಲ್ವಾ?"

ಚಿಕ್ಕಪ್ಪ: "ನಿನ್ನ ಚಿಕ್ಕಮ್ಮನಿಗೆ ಹೋಯ್ತಲ್ಲ!"

ಚಿಕ್ಕಮ್ಮ: "ಎಲ್ಲಿ ಹೋಗಿದೆ?"

ಅಲ್ಲಿಂದ ಮಂಡಿನೋವಿನ ಮೇಲೆ ಹದಿನೈದು ಮೆಸೇಜು. ಆಮೇಲೆ ದೊಡ್ಡಪ್ಪ ಬಂದರು. "ನಾವು ಬ್ರೇಕ್ ನಂಬಿ ಗಾಡಿ ಓಡಿಸಿದವರಲ್ಲ, ತಾಳ್ಮೆ ನಂಬಿ ಓಡಿಸಿದವರು. ಕೆಳಗೆ ಹೆಬ್ರಿಗೆ ಹತ್ತು ನಿಮಿಷ ಮೊದಲು ಮುಟ್ಟಿ ಆಗಬೇಕಾದ್ದೇನು? ಹಿರಿಯರ ಮಾತು ಕೇಳುವ ಅಭ್ಯಾಸ ಹೋಗಿದೆ." ಅವರು ಹೀಗೆ ಬರೆದ ಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಬರೆಯುವುದಿಲ್ಲ, ಅದು ರೂಢಿ.

ಮೌನ ಮುರಿದದ್ದು ಶಿವಮೊಗ್ಗದ ಅಣ್ಣ. "ಅಜ್ಜನ ಅಂಬಾಸಿಡರ್ ನೆನಪಾಯ್ತು. ಹನ್ನೊಂದು ಜನ ತುಂಬ್ಕೊಂಡು ಹೋಗ್ತಿದ್ದೆವು. ಘಟ್ಟದ ಅರ್ಧದಲ್ಲಿ ಗಾಡಿಗೆ ಸುಸ್ತಾಗಿದೆ ಅಂತ ಅಜ್ಜ ನಿಲ್ಲಿಸ್ತಿದ್ರು. ಬಾಳೆಎಲೆಯಲ್ಲಿ ಚಿತ್ರಾನ್ನ. ಮಂಗ ಬುತ್ತಿ ಕಿತ್ಕೊಂಡು ಹೋದದ್ದು ಯಾರಿಗೆಲ್ಲ ನೆನಪಿದೆ?" ಎಲ್ಲರಿಗೂ ನೆನಪಿತ್ತು. ಮಂಗ ಹೊತ್ತೊಯ್ದದ್ದು ಚಿತ್ರಾನ್ನವೋ ಕಡುಬೋ ಎನ್ನುವುದು ಮಾತ್ರ ಕೊನೆಗೂ ಇತ್ಯರ್ಥವಾಗಲಿಲ್ಲ.

ಆದರೆ ಅಜ್ಜ ಹೇಳಿದ ಆ ಸುಸ್ತು ನಿಜ. ಆ ಕಾಲದ ಅಂಬಾಸಿಡರಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಅಂದರೆ ಮುಚ್ಚಿದ ಡಬ್ಬಿಯಂಥ ಡ್ರಮ್ಮಿನ ಒಳಮೈಗೆ ಲೈನರ್ ಒತ್ತಿ ಚಕ್ರ ನಿಲ್ಲಿಸುವುದು. ಲೈನರ್ ಉಜ್ಜಿ ಹುಟ್ಟಿದ ಬಿಸಿ ಡಬ್ಬಿಯೊಳಗೇ ಸಿಕ್ಕಿಕೊಳ್ಳುತ್ತದೆ, ಬೇಗ ಹೊರಗೆ ಹೋಗುವುದಿಲ್ಲ, ಬ್ರೇಕಿನ ಹಿಡಿತ ಕುಗ್ಗುತ್ತದೆ. ನಾವು ಚಿತ್ರಾನ್ನ ತಿನ್ನುವ ಅರ್ಧ ಗಂಟೆಯಲ್ಲಿ ಆ ಡ್ರಮ್ಮುಗಳು ಆರುತ್ತಿದ್ದವು. ನಾನು ಇದನ್ನು ಬರೆಯುತ್ತಿದ್ದಾಗಲೇ ಚಿಕ್ಕಪ್ಪನ ಮಗ, ನನ್ನ ತಮ್ಮ, ನುಗ್ಗಿದ.

"ಬ್ರೇಕಿನ ಮಾತು ಬಂತು, ಅದಕ್ಕೇ ಕೇಳ್ತೇನೆ. 2016ರಲ್ಲಿ ಅಕ್ಕನ ಮದುವೆಗೆ ಕಾರು ಕೇಳಿದಾಗ ಬ್ರೇಕ್ ಸರಿಯಿಲ್ಲ ಅಂದಿದ್ರಿ ದೊಡ್ಡಪ್ಪ. ಮಾರನೇ ದಿನ ಅದೇ ಕಾರು ಶೃಂಗೇರಿಗೆ ಹೋಗಿತ್ತು."

ದೊಡ್ಡಮ್ಮ: "ರಿಪೇರಿ ಮಾಡಿಸಿಕೊಂಡೇ ಹೋದದ್ದು. ಬಿಲ್ಲು ಈಗಲೂ ಇದೆ. ಬೇಕಾದರೆ ಹುಡುಕಿ ಹಾಕ್ತೇನೆ."

ಇಬ್ಬರು ಗುಂಪು ಬಿಟ್ಟರು. ಒಬ್ಬರನ್ನು ತಿರುಗಿ ಸೇರಿಸಿದರು.

ರಾತ್ರಿ ಹತ್ತು ಗಂಟೆಗೆ ನಾನು ಬರೆದೆ: ದಯವಿಟ್ಟು ಯಾರೂ ಆ ಪೈಪ್ ಹಾಕಿಸಬೇಡಿ. ತಗಡಂತೂ ಬಿಚ್ಚಲೇಬೇಡಿ. ಕೆಸರು, ಕಲ್ಲು, ನೀರು ನೇರವಾಗಿ ಡಿಸ್ಕಿಗೆ ಹಾರಬಾರದು ಅಂತ ಅದನ್ನು ಹಾಕಿರುತ್ತಾರೆ. ಆಗುಂಬೆಯ ಮಳೆ ನಮಗೆ ಗೊತ್ತಿಲ್ಲವಾ?

ಭಾವ ಕೂಡಲೇ ಹಿಡಿದರು. "ರೇಸ್ ಕಾರಿಗೆ ಇದನ್ನೇ ಹಾಕ್ತಾರಪ್ಪ."

ಭಾವ ಹೇಳಿದ್ದು ಸುಳ್ಳಲ್ಲ, ಹಾಕುತ್ತಾರೆ. ಮುಂದಿನ ಚಕ್ರದ ಡಿಸ್ಕ್ ಸಾಮಾನ್ಯವಾಗಿ ಎರಡು ಪದರದ್ದು, ನಡುವೆ ಸಂದು ಇರುತ್ತದೆ. ತಿರುಗುವಾಗ ಅದು ನಡುವಿನಿಂದ ಗಾಳಿ ಎಳೆದು ಅಂಚಿಗೆ ತಳ್ಳುತ್ತದೆ. ರೇಸಿನವರು ಗಾಳಿಯನ್ನು ಸರಿಯಾಗಿ ಆ ನಡುವಿಗೇ ಕೊಡುತ್ತಾರೆ. ಆದರೆ ಅವರ ವೇಗ ಎಷ್ಟು, ನಮ್ಮದೆಷ್ಟು? ಆಗುಂಬೆಯ 14 ಹಿಮ್ಮುರಿ ತಿರುವಿನಲ್ಲಿ ನಾವು ಗಂಟೆಗೆ 20 ಕಿ.ಮೀ. ಮೇಲೆ ಹೋಗುವುದೇ ಕಷ್ಟ. ನುಗ್ಗುವ ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಿಗುವ ಒತ್ತಡದ ಇಪ್ಪತ್ತೈದನೇ ಒಂದು ಪಾಲು ಮಾತ್ರ 20 ಕಿ.ಮೀ. ವೇಗದಲ್ಲಿ ಸಿಗುತ್ತದೆ. ಪೈಪು ಬೇಕಾದ ಜಾಗದಲ್ಲೇ ಗಾಳಿ ಇಲ್ಲ.

ತಂಗಿ ಈ ಸಲ ನನ್ನ ಕಡೆ ನಿಂತಳು. ಲೆಕ್ಕ ಹಾಕಿಯೇ ಬಂದಿದ್ದಳು. 1,200 ಕೆ.ಜಿ.ಯ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ. ಇಪ್ಪತ್ತು ಲೀಟರ್ ತಣ್ಣೀರು ಕುದಿಯುವಷ್ಟು ಬಿಸಿ. ಬರೀ ಬ್ರೇಕ್ ಒತ್ತಿ ಇಳಿದರೆ ಅದರ ಬಹುಪಾಲು ಆ ನಾಲ್ಕು ಚಕ್ರಗಳಿಗೇ ಹೋಗಬೇಕು. ಸಣ್ಣ ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ದೊಡ್ಡ ಪಾಲು ಹೊರುತ್ತದೆ. "ಇಪ್ಪತ್ತು ಲೀಟರ್ ಅಂದ್ರೆ ಬಚ್ಚಲ ಹಂಡೆಯಲ್ಲಿ ಎಷ್ಟಾಗ್ತದೆ?" ಎಂದು ಚಿಕ್ಕಮ್ಮ ಕೇಳಿದರು. ಮಾತು ಹಳೇಮನೆಯ ಬಚ್ಚಲಿಗೆ ಹೋಯಿತು.

ಆಗ ಚಿಕ್ಕಪ್ಪ ಒಂದೇ ಸಾಲು ಬರೆದರು. "ನಮ್ಮ ಹುಡುಗ ಆಗಲೇ ಹಾಕಿಯಾಯ್ತು."

ನಾನು ಗುಂಪಿನಲ್ಲಿ ಉತ್ತರಿಸಲಿಲ್ಲ. ತಮ್ಮನಿಗೆ ಫೋನ್ ಮಾಡಿ ಕಾರು ತರಲು ಹೇಳಿದೆ. ಮಂಗಳವಾರ ಬಂದ. ಮುಖ ಬಿಗಿದುಕೊಂಡಿದ್ದ. ಮದುವೆ ಕಾರಿನ ಮಾತು ಇನ್ನೂ ಆರಿರಲಿಲ್ಲ, ದೊಡ್ಡಪ್ಪ ನನ್ನಿಂದ ಹೇಳಿಸಿದ್ದಾರೆ ಅಂತ ಅವನ ಅನುಮಾನ.

ಕಾರು ಎತ್ತಿ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿದೆ. ಟೈರು ಹೋಗಿ ಪೈಪಿಗೆ ಒತ್ತಿತು. ಪೈಪು ಜರುಗಿ, ಬ್ರೇಕ್ ಆಯಿಲನ್ನು ಚಕ್ರಕ್ಕೆ ಒಯ್ಯುವ ರಬ್ಬರ್ ಹೋಸಿಗೆ ಒರಗಿತು. ಪೈಪಿನ ಹಾಳೆ ಹರಿದು ಒಳಗಿನ ತಂತಿ ಹೊರಗೆ ಬಂದಿತ್ತು. ಹೋಸಿನ ಮೇಲೆ ಹೆಬ್ಬೆರಳಿನಷ್ಟು ಜಾಗ ಉಜ್ಜಿ ಹೊಳೆಯುತ್ತಿತ್ತು. ಕೆಲವೇ ದಿನ ಊರೊಳಗೆ ಓಡಿಸಿದ್ದಕ್ಕೇ ಇಷ್ಟು. ಹಿಮ್ಮುರಿ ತಿರುವಿನಲ್ಲಿ ಪ್ರತಿ ಸಲವೂ ಸ್ಟೇರಿಂಗ್ ಹೀಗೇ ತಿರುಗಬೇಕಲ್ಲ. ನಾನು ಅವನ ಬೆರಳು ಹಿಡಿದು ಆ ಜಾಗ ಮುಟ್ಟಿಸಿದೆ. ಅವನು ಮಾತಾಡಲಿಲ್ಲ.

ಬ್ರೇಕ್ ಆಯಿಲಿನ ಮುಚ್ಚಳ ತೆಗೆದರೆ ಕಾಫಿ ಡಿಕಾಕ್ಷನ್. ಐದು ವರ್ಷದಿಂದ ಬದಲಿಸಿಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೂ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿ. ಕುದಿದರೆ ಕೊಳವೆಯೊಳಗೆ ಆವಿ ಗುಳ್ಳೆ. ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು ಅಂತ ನಾನು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳುತ್ತೇನೆ. ಪೈಪಿನಲ್ಲಿ ಸಿಗುತ್ತದೆ ಅಂದುಕೊಂಡ ಧೈರ್ಯ ನಿಜವಾಗಿ ಸಿಗುವುದು ಆ ಒಂದು ಬಾಟಲಿಯಲ್ಲಿ.

ಪೈಪು ಕಿತ್ತೆ, ಹೋಸು ಬದಲಿಸಿದೆ, ತಗಡನ್ನು ತಿರುಗಿ ಕೂರಿಸಿದೆ. ಹೊಸ ಆಯಿಲ್ ಹಾಕಿ ನಾಲ್ಕು ಚಕ್ರದಲ್ಲೂ ಏರ್ ತೆಗೆದೆವು. ತಮ್ಮನೇ ಪೆಡಲ್ ಒತ್ತುತ್ತಾ ಕೂತ. ಹಳೆ ಆಯಿಲು, ಹೊಸ ಆಯಿಲು ಎರಡು ಬಾಟಲಿಯಲ್ಲಿ ಇಟ್ಟು ಫೋಟೊ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: ಘಟ್ಟದ ತಲೆಯಲ್ಲೇ ಎರಡನೇ ಗೇರ್ ಹಾಕಿಕೊಳ್ಳಿ. ನ್ಯೂಟ್ರಲ್ ಬೇಡ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ, ಗಟ್ಟಿಯಾಗಿ ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ. ನೀರು ಮಾತ್ರ ಹೊಯ್ಯಬೇಡಿ, ಕಾದ ಡಿಸ್ಕ್ ಬಿರುಕು ಬಿಡಬಹುದು.

ಮೂರು ಹೆಬ್ಬೆರಳು ಬಂದವು. "ಹೋಳಿಗೆ ಯಾರು ತರ್ತೀರಿ?" ಎಂದು ಅತ್ತೆ ಕೇಳಿದರು. ಹೋಳಿಗೆಯ ಮಾತಿನಲ್ಲಿ ನನ್ನ ಫೋಟೊ ಮೇಲಕ್ಕೆ ಸರಿದು ಹೋಯಿತು.

ಗುರುವಾರ ಬೆಳಗ್ಗೆ ಏಳೂವರೆಗೆ ಫೋನ್ ಸದ್ದಾಯಿತು. ಆಗುಂಬೆ ಪೇಟೆಯಿಂದ ದೊಡ್ಡಪ್ಪ. ಗುಂಪಿನಲ್ಲಲ್ಲ, ನನಗೊಬ್ಬನಿಗೇ.

"ಎರಡನೇ ಗೇರು ಅಂದಿದ್ದು ನೀನೋ ತಂಗಿಯೋ? ಎಲ್ಲಿಂದ ಹಾಕಬೇಕು?"

"ನಾನೇ ದೊಡ್ಡಪ್ಪ. ಮೊದಲ ತಿರುವಿಗಿಂತ ಮುಂಚೆಯೇ ಹಾಕಿಕೊಳ್ಳಿ. ಕೆಳಗೆ ಸೋಮೇಶ್ವರ ಮುಟ್ಟಿದ ಮೇಲೆ ಒಂದು ಫೋನ್ ಮಾಡಿ."