ಟೊಮೆಟೊ ಗ್ರೇಡಿಂಗ್ ಎಐ ಕೈಕೊಟ್ಟರೆ: ದಾಖಲೆಯಲ್ಲಿ ಏನೇನಿರಬೇಕು?

ಪ್ರಶ್ನೆ: ಕೋಲಾರ ಎಪಿಎಂಸಿಯ ಮಂಡಿಯೊಂದರಲ್ಲಿ ಕ್ಯಾಮೆರಾದಿಂದ ಟೊಮೆಟೊ ವಿಂಗಡಿಸುವ ಎಐ ಮಾಡೆಲ್ ಓಡ್ತಿದೆ. ಸರ್ವರ್ ಬ್ಯಾಕಪ್ ವಿವರ ಬರೆದಿಟ್ಟಿದ್ದೇವೆ. ಅಷ್ಟು ಸಾಕಾ?

ಉತ್ತರ 1: ಸಾಲದು ಸಾರ್. ಸರ್ವರ್ ನಿಂತರೆ ಎಲ್ಲರಿಗೂ ಗೊತ್ತಾಗುತ್ತೆ. ಮಾಡೆಲ್ ತಪ್ಪು ಹೇಳೋಕೆ ಶುರುಮಾಡಿದರೆ ಗೊತ್ತಾಗಲ್ಲ, ಭಯಪಡಬೇಕಾದ್ದು ಅದಕ್ಕೆ. ಲೆನ್ಸ್ ಮೇಲೆ ಧೂಳು ಕೂತರೆ, ಲೈಟ್ ಬದಲಿಸಿ ಬೆಳಕಿನ ಬಣ್ಣ ಬೇರೆಯಾದರೆ, ಹಣ್ಣನ್ನೂ ದೋರೆಗಾಯಿ ಅಂದುಬಿಡಬಹುದು. ಪರದೆಯಲ್ಲಿ ಎರರ್ ಮಾತ್ರ ಬರಲ್ಲ. ಪ್ರತಿ ವೈಫಲ್ಯಕ್ಕೂ ಒಂದೊಂದು ಪುಟ ಇಡಿ: ಲಕ್ಷಣ ಏನು, ಮೊದಲ 5 ನಿಮಿಷದಲ್ಲಿ ಏನು ಮಾಡಬೇಕು, ಯಂತ್ರ ನಿಲ್ಲಿಸುವ ಅಧಿಕಾರ ಯಾರಿಗೆ. ದಿನಾ ಹರಾಜಿಗೆ ಮುಂಚೆ, ಕೈಯಲ್ಲಿ ವಿಂಗಡಿಸಿದ 15 ಕೆಜಿ ಬಾಕ್ಸ್ ಒಂದನ್ನು ಯಂತ್ರದಲ್ಲಿ ಹಾಯಿಸಿ ತಾಳೆ ನೋಡಿ. ಹಳೇ ಫೋಟೊ ಕೊಟ್ಟು ಪರೀಕ್ಷಿಸಿದರೆ ಲೆನ್ಸಿನ ಧೂಳು ಸಿಕ್ಕಿಬೀಳಲ್ಲ.

ಉತ್ತರ 2: ಹೊಸ ಮಾಡೆಲ್ ಕೈಕೊಟ್ಟು ಹಳೇ ಆವೃತ್ತಿಗೆ ಮರಳುವಾಗ ಬರೀ ಮಾಡೆಲ್ ಫೈಲ್ ಹಾಕಿದರೆ ಕೆಡುತ್ತೆ. ಚಿತ್ರದ ಅಳತೆ, ಬಣ್ಣದ ಕ್ರಮ, ಲೇಬಲ್ ಪಟ್ಟಿ (ಗ್ರೇಡ್ ಹೆಸರುಗಳು), ಲೈಬ್ರರಿ (ಮಾಡೆಲ್ ಓಡಿಸೋ ಸಾಫ್ಟ್‌ವೇರ್) ಆವೃತ್ತಿ ಎಲ್ಲ ಒಂದೇ ಫೋಲ್ಡರ್‌ನಲ್ಲಿರಲಿ, ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡೋ ಸಂಕೇತ) ಸಮೇತ. ಆರ್‌ಜಿಬಿ (ಕೆಂಪು-ಹಸಿರು-ನೀಲಿ) ಕ್ರಮದ ಜಾಗಕ್ಕೆ ಬಿಜಿಆರ್ (ನೀಲಿ-ಹಸಿರು-ಕೆಂಪು) ಬಂದರೆ ಕೆಂಪು, ನೀಲಿ ಅದಲುಬದಲು. ಟೊಮೆಟೊಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಪ್ರಶ್ನೆ ಕೇಳಿದವರು: ಕರೆಂಟ್ ಹೋದರೆ?

ಉತ್ತರ 1: ಯುಪಿಎಸ್ ಎಷ್ಟು ನಿಮಿಷ ತಡೆಯುತ್ತೆ ಅಂತ ಅಳೆದು ಬರೆಯಿರಿ, ಅದು ಮುಗಿಯೋ ಮೊದಲೇ ಕೈ ವಿಂಗಡಣೆಗೆ ಇಳಿಯಬೇಕು. ದಾಖಲೆಯನ್ನು ಕನ್ನಡದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ. ಸರ್ವರ್‌ನಲ್ಲೇ ಇಟ್ಟರೆ ಬೇಕಾದ ಹೊತ್ತಿಗೆ ಸಿಗಲ್ಲ.

ಉತ್ತರ 2: ಬಾಕ್ಸ್ ಚೀಟಿ ಮೇಲೆ ಸಮಯ, ಮಾಡೆಲ್ ಆವೃತ್ತಿ ಎರಡೂ ಇರಲಿ. ತಪ್ಪು ಗೊತ್ತಾದಾಗ ಯಾವ ರೈತರ ಯಾವ ಬಾಕ್ಸ್ ಮತ್ತೆ ನೋಡಬೇಕು ಅಂತ ಅದರಿಂದಲೇ ಹುಡುಕಬೇಕು.