ಮಡಿಕೇರಿಯಿಂದ ದುಬೈಗೆ 2 ಗಂಟೆ 51 ನಿಮಿಷವಂತೆ!

ಸಿದ್ದಾಪುರ ಮಾವ: (ಫಾರ್ವರ್ಡ್ ಚಿತ್ರ) ಮಡಿಕೇರಿ–ದುಬೈ. ದೂರ 2,570 ಕಿ.ಮೀ. ವಿಮಾನದಲ್ಲಿ 2 ಗಂಟೆ 51 ನಿಮಿಷ.
ನೋಡಿ, ಬೆಂಗಳೂರು ಮುಟ್ಟೋ ಮೊದಲೇ ದುಬೈ ಬಂತು!

ಚೇತನ್: ಮಡಿಕೇರೀಲಿ ವಿಮಾನ ನಿಲ್ದಾಣವೇ ಇಲ್ವಲ್ಲ, ವಿಮಾನ ರಾಜಾಸೀಟಿಂದ ಹೊರಡುತ್ತಾ ಮಾವ?

ಸಿದ್ದಾಪುರ ಮಾವ: ತಮಾಷೆ ಆಮೇಲೆ. ಲೆಕ್ಕ ತಪ್ಪಿದ್ರೆ ತೋರ್ಸು.

ಚೇತನ್: ದೂರ ಸರಿ ಇದೆ, ನೇರ ಗೆರೆ ಎಳೆದ್ರೆ ಹೆಚ್ಚುಕಮ್ಮಿ ಅಷ್ಟೇ. ಸಮಯಕ್ಕೆ 2,570ನ್ನ 900ರಿಂದ ಭಾಗಿಸಿದ್ದಾರೆ, ಬೇರೇನೂ ಮಾಡಿಲ್ಲ. ಬೋಯಿಂಗ್ 737 ವಿಮಾನ ಮೇಲೇರಿದ ಮೇಲೂ, ಗಾಳಿ ಇಲ್ಲದಿದ್ರೆ, ಗಂಟೆಗೆ 830–840 ಕಿ.ಮೀ. 10,000 ಅಡಿ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದ್ರೆ ಸುಮಾರು 460. ಗೇಟಿಂದ ರನ್‌ವೇಗೆ ತೆವಳೋದು, ಇಳಿಯೋಕೆ ಸರದಿ ಕಾಯೋದು ಬೇರೆ.

ಗೋಣಿಕೊಪ್ಪ ಅತ್ತೆ: ಕಣ್ಣೂರು 10.00, ದುಬೈ 12.30 ಅಂತ ಟಿಕೆಟಲ್ಲಿದ್ರೆ ಎರಡೂವರೆ ಗಂಟೆ ತಾನೆ? ಅಣ್ಣ ಹಾಕಿದ್ದಕ್ಕಿಂತ್ಲೂ ಕಮ್ಮಿ ಆಯ್ತಲ್ಲ.

ರಶ್ಮಿ ಅಕ್ಕ: ಅತ್ತೆ, ಆ 12.30 ದುಬೈ ಗಡಿಯಾರದ್ದು. ಆಗ ನಮ್ಮಲ್ಲಿ ಮಧ್ಯಾಹ್ನ 2. ಒಟ್ಟು 4 ಗಂಟೆ. ಬರುವಾಗ ಉಲ್ಟಾ. ಅಲ್ಲಿ 2ಕ್ಕೆ ಬಿಟ್ಟು ಇಲ್ಲಿ ಸಂಜೆ 7ಕ್ಕೆ ಇಳಿದ್ರೆ 5 ಗಂಟೆ ಕಾಣುತ್ತೆ, ಕೂತಿರೋದು ಮೂರೂವರೆ.

ಸಿದ್ದಾಪುರ ಮಾವ: ದಾರಿ ಒಂದೇ, ಹೋಗೋದಕ್ಕೆ ಜಾಸ್ತಿ ಬರೋದಕ್ಕೆ ಕಮ್ಮಿ ಹೇಗೆ?

ಚೇತನ್: ಗಾಳಿ ಮಾವ. ಚಳಿಗಾಲದಲ್ಲಿ ದುಬೈ ಕಡೆ ಆಕಾಶದಲ್ಲಿ ಪಶ್ಚಿಮದಿಂದ ಬೀಸೋ ಜೆಟ್ ಗಾಳಿ ಜೋರು. 80 ಕಿ.ಮೀ. ಎದುರುಗಾಳಿ ಬಿದ್ರೆ 840ರ ವಿಮಾನ ನೆಲದ ಲೆಕ್ಕಕ್ಕೆ 760. ಬರುವಾಗ ಅದೇ ಬೆನ್ನಿಗೆ ತಳ್ಳುತ್ತೆ. ಮಳೆಗಾಲದಲ್ಲಿ ನಮ್ಮ ತಲೆ ಮೇಲೆ ಎತ್ತರದಲ್ಲಿ ಪೂರ್ವದ ಗಾಳಿ, ಆಗ ಇಷ್ಟು ವ್ಯತ್ಯಾಸ ಇರಲ್ಲ.

ರಶ್ಮಿ ಅಕ್ಕ: ಗಾಳಿ ಬಿಡಿ, ವಿಮಾನ ತಪ್ಪೋದು ಕಣ್ಣೂರು ದಾರಿಯ ಮಾಕುಟ್ಟ ಘಾಟಿಯಲ್ಲಿ. ಮಡಿಕೇರಿಯಿಂದ ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ಮಟ್ಟನ್ನೂರು. ಕಣ್ಣೂರು ವಿಮಾನ ನಿಲ್ದಾಣ ಇರೋದು ಅಲ್ಲೇ. ಹತ್ತಿರ ಹತ್ತಿರ 90 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ಒಂದು ಮರ ಬಿದ್ರೆ, ಕಡಿದು ಸರಿಸೋ ತನಕ ಅಲ್ಲೇ. ಕಾಡೊಳಗೆ ಫೋನೂ ಸಿಗಲ್ಲ.

ಸಿದ್ದಾಪುರ ಮಾವ: ಅದಕ್ಕೇ ಮಂಗಳೂರು ವಾಸಿ ಅನ್ನೋದು ನಾನು. ಹೆದ್ದಾರಿ.

ಚೇತನ್: 2018ರಲ್ಲಿ ಜೂನಲ್ಲಿ ಮಾಕುಟ್ಟ ಜರಿಯಿತು, ಆಗಸ್ಟಲ್ಲಿ ಜೋಡುಪಾಲದ ಹತ್ರ ಆ ಹೆದ್ದಾರೀನೇ ಹೋಯ್ತು. ಆ ದಾರಿಯ ಸಂಪಾಜೆ ಘಾಟಿಗೇನು ಗ್ಯಾರಂಟಿ? ಮಂಗಳೂರು ವಿಮಾನ ನಿಲ್ದಾಣ ಇರೋ ಬಜ್ಪೆಗೆ 140 ಕಿ.ಮೀ. ಹತ್ರ, ನಾಲ್ಕು ಗಂಟೆ ಇಟ್ಕೋಬೇಕು. ಮಡಿಕೇರಿಯವರು ಬೇಕಾದ್ರೆ ಆ ಕಡೆ ಹೋಗ್ಲಿ. ಸಿದ್ದಾಪುರ, ಗೋಣಿಕೊಪ್ಪದವರಿಗೆ ಕಣ್ಣೂರೇ.

ಸಿದ್ದಾಪುರ ಮಾವ: ಮಳೆಗಾಲದಲ್ಲಿ ನಾನಂತೂ ಒಪ್ಪಲ್ಲ.

ಗೋಣಿಕೊಪ್ಪ ಅತ್ತೆ: ಜಗಳ ಆಮೇಲೆ ಆಡಿ. 10ರ ವಿಮಾನಕ್ಕೆ ಮನೆ ಬಿಡೋದು ಎಷ್ಟೊತ್ತಿಗೆ?

ರಶ್ಮಿ ಅಕ್ಕ: ಹಿಂದಿನಿಂದ ಎಣಿಸಿ ಅತ್ತೆ. ವಿದೇಶಕ್ಕೆ 3 ಗಂಟೆ ಮೊದಲು, ಅಂದ್ರೆ 7ಕ್ಕೆ ಅಲ್ಲಿರಬೇಕು. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತೆ, ಕೆಲವರದ್ದು ಇನ್ನೂ ಬೇಗ. ಮಡಿಕೇರಿ ಕಡೆಯವರು 4ಕ್ಕೆ ಬಿಡ್ಬೇಕು, ಮಳೆಗಾಲವಾದ್ರೆ 3ಕ್ಕೆ. ನೀವು ಗೋಣಿಕೊಪ್ಪದಿಂದ ಮುಕ್ಕಾಲು ಗಂಟೆ ತಡವಾಗಿ ಬಿಟ್ರೂ ನಡೆಯುತ್ತೆ. ಬುಕ್ ಮಾಡುವಾಗ ಕೋಡ್ ನೋಡಿ, ಕಣ್ಣೂರು ಸಿಎನ್‌ಎನ್. ಸಿಸಿಜೆ ಅಂತಿದ್ರೆ ಅದು ಕೋಳಿಕ್ಕೋಡ್, ಮಟ್ಟನ್ನೂರಿಂದ ಇನ್ನೂ ದಕ್ಷಿಣಕ್ಕೆ ಗಂಟೆಗಟ್ಟಲೆ ದಾರಿ.

ಗೋಣಿಕೊಪ್ಪ ಅತ್ತೆ: ಸರಿ. ಗಾಡಿಯವನಿಗೆ 3ಕ್ಕೇ ಬಾ ಅಂತೀನಿ. ಅವನು ಬರೋದು ಮೂರೂವರೆಗೆ.