ಬರೀ ಪಿಯಾನೋ, ಬರೀ ದನಿ: ಪುಟ್ಟಿಗೆ ಜೋಡಿ ಆರಿಸೋದು ಹೇಗೆ

ಅತ್ತಿಗೆ, ಪುಟ್ಟಿ ನಾಲ್ಕು ಜಾಝ್ ಹಾಡು ಬರೀ ಪಿಯಾನೋ ಜೊತೆ ರೆಕಾರ್ಡ್ ಮಾಡ್ತಾಳೆ, ನುಡಿಸೋರು ಇಬ್ಬರು ಸಿಕ್ಕಿದಾರೆ, ಯಾರನ್ನ ಒಪ್ಪಿಕೊಳ್ಳೋದು ಅಂತ ಕೇಳಿದ್ರಲ್ಲ. ವಿಷಯ ಸ್ವಲ್ಪ ಉದ್ದ ಇದೆ, ಪುಟ್ಟಿಗೂ ಕೇಳಿಸಿ.

ಮೊದಲು, ಯಾರ ಬೆರಳು ಚುರುಕು ಅನ್ನೋದನ್ನ ಪಕ್ಕಕ್ಕಿಡಿ. ಇಬ್ಬರಿಗೂ ಒಂದೇ ವಿಳಂಬದ ಹಾಡು ಕೊಡಿ. ಅವಳು ಹಾಡ್ತಿರುವಾಗ ಅವರು ಎಷ್ಟು ಕಡೆ ಸುಮ್ಮನಿರ್ತಾರೆ ಅಂತ ನೋಡಿ. ಡ್ರಮ್ಸ್ ಇಲ್ಲ, ಮಂದ್ರ ಸ್ವರ ಹಿಡಿಯೋ ಬೇಸ್ ವಾದ್ಯ ಇಲ್ಲ ಅಂದ ಕೂಡಲೇ ಖಾಲಿ ಕಂಡ ಜಾಗವನ್ನೆಲ್ಲ ತುಂಬೋಣ ಅನಿಸುತ್ತೆ ನುಡಿಸೋರಿಗೆ. ತುಂಬಿದ್ರೋ, ಸಾಹಿತ್ಯ ಮುಳುಗಿಹೋಯ್ತು. 1950ರಲ್ಲಿ ಎಲಾ ಫಿಟ್ಜೆರಾಲ್ಡ್ ಡೆಕ್ಕಾ ಕಂಪನಿಗೆ ಜಾರ್ಜ್ ಗರ್ಷ್‌ವಿನ್ ಸ್ವರ ಹಾಕಿದ ಎಂಟು ಹಾಡು ಹಾಡಿದ್ರು, ಪಿಯಾನೋ ಎಲಿಸ್ ಲಾರ್ಕಿನ್ಸ್. ಅದರಲ್ಲಿ ಲಾರ್ಕಿನ್ಸ್ ಎಲ್ಲಿ ಕೈ ತಡೆದಿದ್ದಾರೆ ಅಂತ ಹುಡುಕ್ತಾ ಕೇಳೋಕೆ ಹೇಳಿ. ಅವರ ಪಿಯಾನೋ ಮಾತಾಡೋದು ಎಲಾ ಉಸಿರು ತಗೊಳ್ಳುವಾಗ, ಅದೂ ಎರಡು ಮೂರು ಸ್ವರದಲ್ಲಿ. ನನ್ನ ಕಿವಿಗೆ ಜೋಡಿ ಅಂದ್ರೆ ಅದೇ.

ಪುಟ್ಟಿ ಕರ್ನಾಟಕ ಸಂಗೀತ ಕಲಿತವಳು, ಅದರಿಂದ ಎರಡು ಅಭ್ಯಾಸ ಇಲ್ಲಿ ಅಡ್ಡ ಬರುತ್ತೆ. ಒಂದು, ಪಿಟೀಲಿನವರ ಹಾಗೆ ಪಿಯಾನೋ ತನ್ನ ನೆರಳಾಗಿ ಬರಲಿ ಅಂತ ಬಯಸೋದು. ಬೇಡ. ಜಾಝ್‌ನಲ್ಲಿ ಹಾಡುವವರು ಸಾಲನ್ನ ತಾಳಕ್ಕಿಂತ ಸ್ವಲ್ಪ ಹಿಂದೆ ಎಳೆದು ಹಾಡ್ತಾರೆ. ಪಿಯಾನೋ ಕೂಡ ಅದೇ ಧಾಟಿಯನ್ನ ನುಡಿಸಿದ್ರೆ ಒಂದೇ ಸ್ವರ ಎರಡು ಸಲ, ಮುಂದೊಂದು ಹಿಂದೊಂದು ಬೀಳುತ್ತೆ. ಇನ್ನೊಂದು, ‘ನನ್ನ ಶ್ರುತಿ ಐದೂವರೆ ಮನೆ’ ಅಂತ ಎಲ್ಲಾ ಹಾಡಿಗೂ ಒಂದೇ ಶ್ರುತಿ ಹಿಡಿಯೋದು. ಇಲ್ಲಿ ಪ್ರತಿ ಹಾಡಿಗೂ ಬೇರೆ ಕೀ, ಅಂದ್ರೆ ಬೇರೆ ಆಧಾರ ಶ್ರುತಿ. ಹಾಡಿನ ಅತಿ ಮೇಲಿನ ಸ್ವರ, ಅತಿ ಕೆಳಗಿನ ಸ್ವರ ಎರಡನ್ನೂ ಗುರುತು ಹಾಕಿ, ಕೆಳಗಿನದು ಮೆಲ್ಲಗೆ ಹಾಡಿದಾಗಲೂ ಕೇಳಿಸಬೇಕು, ಮೇಲಿನದು ಕೂಗಾಗಬಾರದು, ಆ ನಡುವೆ ಕೀ ಇಡಬೇಕು. ಜಾಝ್ ಹಾಡಿನ ಪುಸ್ತಕದಲ್ಲಿ ಅಚ್ಚಾಗಿರೋ ಕೀ ಹೆಚ್ಚಾಗಿ ವಾದ್ಯದವರ ಅನುಕೂಲಕ್ಕೆ. ಹೆಣ್ಣುದನಿಗೆ ಎಷ್ಟೋ ಸಲ ಷಡ್ಜದಿಂದ ಮಂದ್ರ ಪಂಚಮದಷ್ಟು ಇಳಿಸಬೇಕಾಗುತ್ತೆ. ಅದಕ್ಕೇ ಪರೀಕ್ಷೆ ದಿನ ‘ಅರ್ಧ ಸ್ವರ ಇಳಿಸಿ ನುಡಿಸ್ತೀರಾ’ ಅಂತ ಕೇಳಿ. ಅಲ್ಲೇ ಇಳಿಸಿ ನುಡಿಸೋರು ಬೇಕು. ‘ಬರೆದುಕೊಂಡು ಬರ್ತೀನಿ’ ಅಂದ್ರೆ ಸ್ಟುಡಿಯೋದಲ್ಲಿ ಅವಳ ಗಂಟಲು ಆ ದಿನ ಹೇಗಿದೆ ಅಂತ ನೋಡಿ ಬದಲಾಯಿಸೋಕಾಗಲ್ಲ.

ಆಮೇಲೆ ಎಡಗೈ. ಇದೇ ದೊಡ್ಡ ವಿಷಯ. ಬೇಸ್ ಇರುವ ತಂಡದಲ್ಲಿ ಪಳಗಿದವರು ಎಡಗೈ ಕಾರ್ಡ್‌ನಲ್ಲಿ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಅದರ ಮೂಲಸ್ವರವನ್ನ ಬಿಟ್ಟೇ ನುಡಿಸ್ತಾರೆ, ಅದನ್ನ ಬೇಸ್ ಹಿಡಿದಿರುತ್ತೆ. ಇಬ್ಬರೇ ಇದ್ದಾಗ ಹಾಗೆ ಮಾಡಿದ್ರೆ ಹಾಡಿಗೆ ನೆಲವೇ ಇರಲ್ಲ, ಹಾಡುವವಳ ಶ್ರುತಿ ನಿಧಾನವಾಗಿ ಜಾರುತ್ತೆ, ತಪ್ಪು ಅವಳದು ಅನಿಸುತ್ತೆ. ಮೂಲಸ್ವರದ ಜೊತೆ, ಅಲ್ಲಿಂದ ಮೇಲಕ್ಕೆ ಎಣಿಸಿದ್ರೆ ಏಳನೆಯದೋ ಹತ್ತನೆಯದೋ ಆಗೋ ಒಂದು ಸ್ವರ ಸಾಕು. ತೀರಾ ಹತ್ತಿರದ ಸ್ವರಗಳನ್ನ ಮಂದ್ರದಲ್ಲಿ ಒತ್ತಿದ್ರೆ ಗಡಸಾಗಿ ಕಲೆಸಿಹೋಗುತ್ತೆ. ಪಿಯಾನೋ ವಾದಕ ಬಿಲ್ ಇವಾನ್ಸ್ ತಮ್ಮ ಮೂವರ ತಂಡದಲ್ಲಿ ಮೂಲಸ್ವರ ಬಿಟ್ಟ ಕಾರ್ಡ್‌ಗಳಿಗೇ ಹೆಸರಾದವರು. ಅವರು 1975ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗಾಯಕ ಟೋನಿ ಬೆನೆಟ್ ಜೊತೆ ಇಬ್ಬರೇ ಕೂತು ಮಾಡಿದ ಆಲ್ಬಮ್ ಇದೆ, ಒಂಬತ್ತು ಹಾಡು. ಅಲ್ಲಿ ಅವರ ಎಡಗೈಯನ್ನಷ್ಟೇ ಹಿಂಬಾಲಿಸಿ ಒಂದು ಸಲ ಕೇಳಲಿ.

ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಇದೆ: ಹಾಡಿದ್ದು ಜೀನ್ ಲೀ, ಪಿಯಾನೋ ರಾನ್ ಬ್ಲೇಕ್, 1962ರಲ್ಲಿ ಬಂದ ರೆಕಾರ್ಡ್. ಪಿಯಾನೋ ಆಸರೆ ಕೊಡೋದೇ ಕಮ್ಮಿ, ಹಾಡಿನ ನೆಲೆ ಆಕೆಯ ದನಿಯಲ್ಲೇ ಇದೆ. ಅದ್ಭುತ, ಆದರೆ ಪುಟ್ಟಿ ಮೊದಲ ರೆಕಾರ್ಡಿಂಗಿಗೆ ಅದನ್ನ ಮಾದರಿ ಮಾಡಿಕೊಳ್ಳೋದು ಬೇಡ. ಹೊಸಬರ ಪೈಕಿ ಗಾಯಕಿ ಸೆಸಿಲ್ ಮೆಕ್‌ಲೋರಿನ್ ಸಾಲ್ವಾಂಟ್, ಪಿಯಾನೋದ ಸಲಿವನ್ ಫೋರ್ಟ್ನರ್ ಜೊತೆಗೂಡಿ 2018ರಲ್ಲಿ ತಂದ ಆಲ್ಬಮ್ ಕೇಳಲಿ.

ಹಾಡಿನ ನಕ್ಷೆ ಮೊದಲೇ ಬರೆದಿಟ್ಟುಕೊಳ್ಳಿ. ಮೂವತ್ತೆರಡು ಬಾರ್‌ನ ಹಾಡು (ಒಂದು ಬಾರ್‌ಗೆ ನಾಲ್ಕು ಬೀಟ್), ನಿಮಿಷಕ್ಕೆ 60 ಬೀಟ್ ಅಂದ್ರೆ ಒಂದು ಸುತ್ತಿಗೆ 2 ನಿಮಿಷ 8 ಸೆಕೆಂಡ್. ಒಂದು ಸುತ್ತು ಅವಳು, ಮುಂದಿನ ಸುತ್ತಿನ ಮೊದಲ 16 ಬಾರ್ ಪಿಯಾನೋ ಒಂದೇ, ಬ್ರಿಡ್ಜ್‌ನಿಂದ (ಹಾಡಿನ ನಡುವೆ ಧಾಟಿ ಬದಲಾಗೋ ಭಾಗ) ಮತ್ತೆ ಅವಳು: ಸುಮಾರು ನಾಲ್ಕೂಕಾಲು ನಿಮಿಷ. ಪಿಯಾನೋಗೆ ಇಡೀ ಸುತ್ತು ಕೊಟ್ಟರೆ ಐದು ನಿಮಿಷ ದಾಟುತ್ತೆ, ವಿಳಂಬದಲ್ಲಿ ಕೇಳೋರ ಗಮನ ಅಲ್ಲೇ ಸಡಿಲ ಆಗೋದು. ಮುನ್ನುಡಿ ನಾಲ್ಕು ಬಾರ್ ಸಾಕು. ಅದರ ಕೊನೆಯ ಕಾರ್ಡ್‌ನಲ್ಲಿ ಅವಳ ಮೊದಲ ಸ್ವರ ಸ್ಪಷ್ಟವಾಗಿ ಕೇಳಿಸಲೇಬೇಕು. ಚಂದಕ್ಕೆ ಅಂತ ಅಲ್ಲಿ ಬೇರೆ ಕಾರ್ಡ್ ಹಾಕಿದ್ರೆ ಅವಳು ಮೊದಲ ಪದದಲ್ಲೇ ತಡಬಡಾಯಿಸ್ತಾಳೆ.

ಸ್ಟುಡಿಯೋದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ. ಕಿವಿಗೆ ಲಯ ಎಣಿಸಿ ಕೊಡೋ ಕ್ಲಿಕ್ ಸದ್ದು ಬೇಡ. ಅವಳು ಗ್ರ್ಯಾಂಡ್ ಪಿಯಾನೋದ ಪಕ್ಕ ಒಳಬಾಗಿರೋ ತಿರುವಿನ ಹತ್ತಿರ, ಒಂದೂವರೆ ಎರಡು ಮೀಟರ್ ದೂರದಲ್ಲಿ ನಿಲ್ಲಲಿ, ನುಡಿಸೋರಿಗೆ ಅವಳ ಭುಜ ಕಾಣಬೇಕು, ಉಸಿರು ತಗೊಳ್ಳೋದೇ ಸನ್ನೆ. ಮೈಕ್ ಬಾಯಿಂದ 15-20 ಸೆಂಟಿಮೀಟರ್, ಅದರ ಬೆನ್ನು ಪಿಯಾನೋ ಕಡೆ. ಅವಳ ಹಿಂದಿನ ಗೋಡೆಗೆ ದಪ್ಪ ಕಂಬಳಿ ಇಳಿಬಿಡಿ, ಇಲ್ಲದಿದ್ರೆ ಅಲ್ಲಿಂದ ತಿರುಗಿ ಬಂದ ಪಿಯಾನೋ ಸದ್ದು ಅವಳ ಮೈಕಿಗೇ ಹೊಡೆಯುತ್ತೆ. ಪಿಯಾನೋ ಮುಚ್ಚಳ ಚಿಕ್ಕ ಕೋಲಿನ ಮೇಲಿರಲಿ. ಟ್ಯೂನಿಂಗ್ ಅದೇ ಬೆಳಿಗ್ಗೆ ಮಾಡಿಸಿ. ಪೆಡಲ್, ಕುರ್ಚಿ ಕಿರುಗುಟ್ಟುತ್ತಾ ಅಂತ ಮೊದಲೇ ನೋಡಿ, ಮೆಲ್ಲನೆ ಹಾಡಿದಾಗ ಅದೇ ಎದ್ದು ಕೇಳಿಸೋದು.

ಎಷ್ಟು ಮಾಡಿದ್ರೂ ಸ್ವಲ್ಪ ಪಿಯಾನೋ ಅವಳ ಮೈಕಿಗೆ ಬಂದೇ ಬರುತ್ತೆ. ಅದಕ್ಕೇ ಆಮೇಲೆ ಒಂದು ಪದ ಕತ್ತರಿಸಿ ಅಂಟಿಸೋದು, ಸ್ವರ ತಿದ್ದೋದು ಆಗಲ್ಲ, ತಿದ್ದಿದ್ರೆ ಹಿಂದಿರುವ ಪಿಯಾನೋನೂ ಸೊಟ್ಟ ಆಗುತ್ತೆ. ತಪ್ಪಿದ್ರೆ ಹಾಡನ್ನ ಮೊದಲಿನಿಂದ ಹಾಡಬೇಕು. ಒಂದು ಹಾಡಿಗೆ ಮೂರು ಸಲ, ಅಷ್ಟೇ. ಅಲ್ಲಿಗೂ ಕೂಡಿ ಬರಲಿಲ್ಲ ಅಂದ್ರೆ ಮುಂದಿನ ಹಾಡಿಗೆ ಹೋಗಿ, ಊಟ ಆದ ಮೇಲೆ ಕೀ ಅರ್ಧ ಸ್ವರ ಇಳಿಸಿ ಇನ್ನೊಂದು ಸಲ ನೋಡಿ.